ಹೊರದೇಶದಲ್ಲಿ ಕೊಂಡ ಡಿವಿಡಿ ಮನೆಯ ಪ್ಲೇಯರಿನಲ್ಲಿ ಏಕೆ ಓಡುವುದಿಲ್ಲ, ಓಡಿಸುವುದು ಹೇಗೆ

ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿ ಬಂದವರು, ದುಬೈನಿಂದ ರಜೆಗೆ ಊರಿಗೆ ಬಂದವರು, ಓದು ಮುಗಿಸಿ ಲಂಡನ್ನಿನಿಂದ ಮರಳಿದವರು ತರುವ ಸಾಮಾನುಗಳಲ್ಲಿ ಸಿನಿಮಾ ಡಿಸ್ಕುಗಳು ಈಗಲೂ ಅಲ್ಲಲ್ಲಿ ಕಾಣಿಸುತ್ತವೆ. ಓಟಿಟಿ ಬಂದ ಮೇಲೆ ಡಿಸ್ಕ್ ಕೊಳ್ಳುವವರು ಕಡಿಮೆಯಾಗಿದ್ದಾರೆ ಎಂಬುದು ನಿಜ. ಆದರೆ ಹಳೆಯ ಚಿತ್ರಗಳನ್ನು ಶುಚಿಗೊಳಿಸಿ ಹೊರತಂದ ಪ್ರತಿಗಳು, ನಿರ್ದೇಶಕರ ಮಾತುಗಳಿರುವ ಆವೃತ್ತಿಗಳು, ಓಟಿಟಿಯಲ್ಲಿ ಇಂದು ಇದ್ದು ನಾಳೆ ಮಾಯವಾಗುವ ಚಿತ್ರಗಳು ಬೇಕೆನ್ನುವವರಿಗೆ ಡಿಸ್ಕ್ ಬಿಟ್ಟರೆ ಬೇರೆ ದಾರಿ ಇಲ್ಲ. ಅಷ್ಟು ದೂರದಿಂದ ಜತನವಾಗಿ ತಂದ ಡಿಸ್ಕನ್ನು ಮನೆಯ ಪ್ಲೇಯರಿಗೆ ಹಾಕಿದಾಗ ಅದು ಓಡದಿದ್ದರೆ, ಡಿಸ್ಕ್ ಕೆಟ್ಟಿದೆ ಎಂದೋ ಪ್ಲೇಯರಿನ ಲೆನ್ಸ್ ಹೋಗಿದೆ ಎಂದೋ ತೀರ್ಮಾನಿಸಿಬಿಡುವುದು ವಾಡಿಕೆ. ಬಹಳ ಸಲ ಎರಡೂ ಸರಿಯಾಗಿಯೇ ಇರುತ್ತವೆ. ಡಿಸ್ಕನ್ನು ತಯಾರಿಸಿದವರೇ ಅದು ಇಂಥ ದೇಶಗಳಲ್ಲಿ ಮಾತ್ರ ಓಡಲಿ ಎಂದು ಗುರುತು ಹಾಕಿರುತ್ತಾರೆ. ಅಥವಾ ಆ ದೇಶದ ಟಿವಿ ಪದ್ಧತಿಯೂ ನಮ್ಮ ಪದ್ಧತಿಯೂ ಬೇರೆಯಾಗಿರುತ್ತವೆ. ಇವೆರಡು ಪರಸ್ಪರ ಸಂಬಂಧವಿಲ್ಲದ ಅಡ್ಡಿಗಳು. ಎದುರಾಗಿರುವುದು ಯಾವುದು ಎಂದು ತಿಳಿಯದೆ ಹೊಸ ಪ್ಲೇಯರ್ ಕೊಂಡರೆ ದುಡ್ಡು ದಂಡವಾಗುವ ಸಂಭವವೇ ಹೆಚ್ಚು.

ಮೊದಲು ಅಡ್ಡಿ ಯಾವುದೆಂದು ಗುರುತಿಸಬೇಕು

ಪ್ಲೇಯರ್ ಡಿಸ್ಕನ್ನು ಒಳಗೆ ಎಳೆದುಕೊಂಡು, ಸ್ವಲ್ಪ ಹೊತ್ತು ತಿರುಗಿಸಿ, ಪರದೆಯ ಮೇಲೆ ರೀಜನ್ ತಪ್ಪಾಗಿದೆ ಎಂಬ ಅರ್ಥದ ಒಂದು ಸಾಲನ್ನೋ ಅಡ್ಡಗೆರೆ ಎಳೆದ ಭೂಗೋಳದ ಚಿತ್ರವನ್ನೋ ತೋರಿಸಿ ನಿಂತುಬಿಟ್ಟರೆ ಅದು ರೀಜನ್ ಕೋಡಿನ, ಅಂದರೆ ಡಿಸ್ಕಿಗೆ ಹಾಕಿದ ದೇಶಗಳ ಗುರುತಿನ, ಅಡ್ಡಿ. ಡಿಸ್ಕ್ ಓಡುತ್ತಿದೆ, ಧ್ವನಿಯೂ ಸರಿಯಾಗಿ ಕೇಳುತ್ತಿದೆ, ಆದರೆ ಚಿತ್ರ ಕಪ್ಪು ಬಿಳುಪಾಗಿದೆ, ಇಲ್ಲವೇ ಕೆಳಗಿನಿಂದ ಮೇಲಕ್ಕೆ ಉರುಳುತ್ತಲೇ ಇದೆ ಎಂದಾದರೆ ಅದು ಟಿವಿ ಪದ್ಧತಿಯ ಅಡ್ಡಿ. ಡಿಸ್ಕೇ ಇಲ್ಲವೇನೋ ಎಂಬಂತೆ ಪ್ಲೇಯರ್ ವರ್ತಿಸಿದರೆ ಡಿಸ್ಕಿನ ಜಾತಿಯೇ ಬೇರೆಯಾಗಿರಬಹುದು: ಡಿವಿಡಿ ಪ್ಲೇಯರಿಗೆ ಬ್ಲೂ-ರೇ ಹಾಕಿರಬಹುದು, ಸಾಮಾನ್ಯ ಬ್ಲೂ-ರೇ ಪ್ಲೇಯರಿಗೆ 4ಕೆ ಡಿಸ್ಕ್ ಹಾಕಿರಬಹುದು, ಅಥವಾ ಮನೆಯಲ್ಲೇ ಬರೆದ ಡಿಸ್ಕನ್ನು ಕೊನೆಯಲ್ಲಿ ಫೈನಲೈಸ್ ಮಾಡದೆ, ಅಂದರೆ ಬೇರೆ ಪ್ಲೇಯರುಗಳೂ ಓದುವಂತೆ ಬರವಣಿಗೆಯನ್ನು ಮುಗಿಸದೆ, ಬಿಟ್ಟಿರಬಹುದು. ಗೀರು, ಧೂಳು, ಬೆರಳಿನ ಗುರುತುಗಳ ಮಾತು ಇದಾದ ಮೇಲೆ ಬರುವಂಥದು. ಇಲ್ಲಿ ಕೊಂಡ ಒಂದು ಡಿಸ್ಕನ್ನು ಅದೇ ಪ್ಲೇಯರಿಗೆ ಹಾಕಿ ನೋಡಿದರೆ ಪ್ಲೇಯರ್ ಸರಿಯಿದೆಯೇ ಎಂಬುದು ಗೊತ್ತಾಗುತ್ತದೆ. ಹೊರಗಿನಿಂದ ತಂದ ಡಿಸ್ಕನ್ನು ಕಂಪ್ಯೂಟರಿಗೆ ಹಾಕಿ ಅದರಲ್ಲಿರುವ ಫೋಲ್ಡರುಗಳ ಹೆಸರು ಕಾಣುತ್ತವೆಯೇ ಎಂದು ನೋಡಿದರೆ ಡಿಸ್ಕಿನ ಸ್ಥಿತಿ ತಿಳಿಯುತ್ತದೆ. ಆದರೆ ಕಂಪ್ಯೂಟರು ರೀಜನ್ ಬದಲಿಸಬೇಕೇ ಎಂದು ಕೇಳಿದರೆ ಆ ಕ್ಷಣಕ್ಕೆ ಬೇಡವೆನ್ನಬೇಕು. ಅದಕ್ಕೆ ಕಾರಣವನ್ನು ಮುಂದೆ ಹೇಳಿದ್ದೇನೆ.

ರೀಜನ್ ಕೋಡ್ ಎಂಬ ಬೇಲಿ

ಡಿವಿಡಿ ಮೊದಲು ಮಾರುಕಟ್ಟೆಗೆ ಬಂದದ್ದು 1996ರ ನವೆಂಬರಿನಲ್ಲಿ, ಜಪಾನಿನಲ್ಲಿ. 1997ರ ಮಾರ್ಚಿನಲ್ಲಿ ಅಮೆರಿಕಕ್ಕೆ ಬಂತು. ಆ ಕಾಲದಲ್ಲಿ ಹಾಲಿವುಡ್ ಚಿತ್ರವೊಂದು ಅಮೆರಿಕದ ಚಿತ್ರಮಂದಿರಗಳಲ್ಲಿ ಬಿಡುಗಡೆಯಾಗಿ ತಿಂಗಳುಗಳು ಕಳೆದ ಮೇಲೆ ಯುರೋಪಿಗೂ ಏಷ್ಯಾಕ್ಕೂ ಬರುತ್ತಿತ್ತು. ಅಷ್ಟರಲ್ಲಿ ಅಮೆರಿಕದಲ್ಲಿ ಡಿಸ್ಕ್ ಹೊರಬಂದು, ಅದನ್ನು ಬೇರೆ ದೇಶದವರು ತರಿಸಿಕೊಂಡು ನೋಡಿಬಿಟ್ಟರೆ ಅಲ್ಲಿನ ಚಿತ್ರಮಂದಿರಗಳ ಗಳಿಕೆಗೆ ಪೆಟ್ಟು ಬೀಳುತ್ತದೆ ಎಂಬುದು ಸ್ಟುಡಿಯೋಗಳ ಆತಂಕವಾಗಿತ್ತು. ಒಂದೇ ಚಿತ್ರದ ವಿತರಣೆಯ ಹಕ್ಕನ್ನು ಒಂದೊಂದು ದೇಶದಲ್ಲಿ ಒಂದೊಂದು ಕಂಪನಿಗೆ ಮಾರುವ ಪದ್ಧತಿಯೂ, ಆಯಾ ದೇಶದವರ ಕೊಳ್ಳುವ ಶಕ್ತಿಗೆ ತಕ್ಕಂತೆ ಬೇರೆ ಬೇರೆ ಬೆಲೆ ಇಡುವ ವ್ಯಾಪಾರವೂ ಇದರ ಹಿಂದೆ ಇದ್ದವು. ಹೀಗಾಗಿ ಜಗತ್ತನ್ನು ಆರು ವಲಯಗಳಾಗಿ ಹಂಚಿ, ಡಿಸ್ಕಿಗೊಂದು ಪ್ಲೇಯರಿಗೊಂದು ವಲಯದ ಗುರುತನ್ನು ಹಾಕಿ, ಎರಡೂ ಹೊಂದಿದರೆ ಮಾತ್ರ ಚಿತ್ರ ಓಡುವಂತೆ ಮಾಡಿದರು. ಇದರಲ್ಲಿ ತಾಂತ್ರಿಕ ಅಗತ್ಯ ಎಳ್ಳಷ್ಟೂ ಇಲ್ಲ. ಇದು ಅಪ್ಪಟ ವ್ಯಾಪಾರದ ಏರ್ಪಾಡು. ಡಿಸ್ಕಿನ ಆರಂಭದ ಕಡತವೊಂದರಲ್ಲಿ ವಲಯಕ್ಕೆ ಒಂದರಂತೆ ಇರುವ ಎಂಟು ಗುರುತುಗಳನ್ನು ಪ್ಲೇಯರ್ ಓದಿ, ತನ್ನ ವಲಯಕ್ಕೆ ಅನುಮತಿ ಇಲ್ಲವೆಂದು ಕಂಡರೆ ಅಲ್ಲಿಗೇ ನಿಲ್ಲುತ್ತದೆ.

1ನೆಯ ವಲಯದಲ್ಲಿ ಅಮೆರಿಕ ಮತ್ತು ಕೆನಡಾ ಇವೆ. 2ರಲ್ಲಿ ಪಶ್ಚಿಮ ಯುರೋಪ್, ಜಪಾನ್, ದಕ್ಷಿಣ ಆಫ್ರಿಕಾ, ಈಜಿಪ್ಟ್ ಮತ್ತು ಕೊಲ್ಲಿ ದೇಶಗಳೂ ಸೇರಿದ ಮಧ್ಯಪ್ರಾಚ್ಯ ಇವೆ. 3ರಲ್ಲಿ ಸಿಂಗಪುರ, ಮಲೇಷ್ಯಾ, ಥಾಯ್ಲೆಂಡ್ ಮೊದಲಾದ ಆಗ್ನೇಯ ಏಷ್ಯಾದ ದೇಶಗಳ ಜೊತೆಗೆ ದಕ್ಷಿಣ ಕೊರಿಯಾ, ತೈವಾನ್ ಮತ್ತು ಹಾಂಗ್‌ಕಾಂಗ್ ಇವೆ. 4 ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಮೆಕ್ಸಿಕೋ ಮತ್ತು ಲ್ಯಾಟಿನ್ ಅಮೆರಿಕಕ್ಕೆ ಸೇರಿದ್ದು. 5ರಲ್ಲಿ ಭಾರತ, ಪಾಕಿಸ್ತಾನ, ಶ್ರೀಲಂಕಾ, ನೇಪಾಳ, ಬಾಂಗ್ಲಾದೇಶ, ರಷ್ಯಾ ಮತ್ತು ಆಫ್ರಿಕಾದ ಬಹುಭಾಗ ಇವೆ. 6 ಇಡಿಯಾಗಿ ಚೀನಾದ್ದು. 8ನೆಯ ಸಂಖ್ಯೆ ವಿಮಾನ, ಹಡಗುಗಳಲ್ಲಿ ತೋರಿಸುವ ಡಿಸ್ಕುಗಳಿಗೆ ಮೀಸಲು. 0 ಎಂಬುದು ಅಧಿಕೃತ ವಲಯವಲ್ಲ. ಎಲ್ಲ ವಲಯಗಳಿಗೂ ಅನುಮತಿ ಇರುವ ಡಿಸ್ಕನ್ನು, ಯಾವ ವಲಯವನ್ನೂ ಕೇಳದ ಪ್ಲೇಯರನ್ನು ಹಾಗೆ ಕರೆಯುವುದು ರೂಢಿಯಾಗಿದೆ.

ಈ ಹಂಚಿಕೆಯಿಂದ ನಮಗೆ ತಟ್ಟುವ ಮುಖ್ಯ ಪರಿಣಾಮವೆಂದರೆ, ಮಂಗಳೂರು, ಉಡುಪಿ, ಭಟ್ಕಳದ ಕಡೆಯವರು ಹೆಚ್ಚಾಗಿ ದುಡಿಯುವ ಕೊಲ್ಲಿ ದೇಶಗಳ ಅಂಗಡಿಗಳಲ್ಲಿ ಸಿಗುವ ಹಾಲಿವುಡ್ ಡಿಸ್ಕೂ, ಸಾಫ್ಟ್‌ವೇರ್ ಕೆಲಸಕ್ಕೆ ಹೋದವರು ಅಮೆರಿಕದಲ್ಲಿ ಕೊಳ್ಳುವ ಡಿಸ್ಕೂ ನಮ್ಮ ವಲಯದವಲ್ಲ. ನೈರೋಬಿಯಲ್ಲೋ ಮಾಸ್ಕೋದಲ್ಲೋ ಅಲ್ಲಿಗೆಂದೇ ತಯಾರಾದ ಡಿಸ್ಕನ್ನು ಕೊಂಡರೆ, ಲೆಕ್ಕದ ಪ್ರಕಾರ ಅದು ಬೆಂಗಳೂರಿನ ಪ್ಲೇಯರಿನಲ್ಲಿ ಸರಾಗವಾಗಿ ಓಡಬೇಕು.

ದೊಡ್ಡವರ ಮನೆಗೂ ಈ ಫಜೀತಿ ತಪ್ಪಿಲ್ಲ. 2009ರ ಮಾರ್ಚಿನಲ್ಲಿ ಬ್ರಿಟನ್ನಿನ ಪ್ರಧಾನಿಯಾಗಿದ್ದ ಗಾರ್ಡನ್ ಬ್ರೌನ್ ವಾಷಿಂಗ್ಟನ್ನಿಗೆ ಹೋದಾಗ ಅಮೆರಿಕದ ಅಧ್ಯಕ್ಷ ಒಬಾಮ ಬ್ರೌನ್ ಅವರಿಗೆ 25 ಅಮೆರಿಕನ್ ಚಿತ್ರಗಳ ಡಿವಿಡಿಗಳನ್ನು ಉಡುಗೊರೆಯಾಗಿ ಕೊಟ್ಟರು. ಅವು 1ನೆಯ ವಲಯದವಾದ್ದರಿಂದ ಲಂಡನ್ನಿನ ಪ್ಲೇಯರಿನಲ್ಲಿ ಓಡಲಿಲ್ಲವೆಂದು ಅಲ್ಲಿನ ಪತ್ರಿಕೆಗಳು ಆಡಿಕೊಂಡು ಬರೆದವು.

ಕವರಿನ ಹಿಂಬದಿಯಲ್ಲಿ ಏನು ನೋಡಬೇಕು

ಅಂಗಡಿಯಲ್ಲಿ ನಿಂತಾಗಲೇ ಎರಡು ನಿಮಿಷ ಕೊಟ್ಟು ಕವರಿನ ಹಿಂಬದಿಯನ್ನು ಓದಿದರೆ ಮುಂದಿನ ತೊಂದರೆಯಲ್ಲಿ ಮುಕ್ಕಾಲು ಪಾಲು ತಪ್ಪುತ್ತದೆ. ಕಥಾಸಾರಾಂಶ ಮತ್ತು ಸಣ್ಣ ಚಿತ್ರಗಳ ಕೆಳಗೆ, ಬಾರ್‌ಕೋಡಿನ ಆಸುಪಾಸಿನಲ್ಲಿ, ಕನ್ನಡಕ ಹಾಕಿಕೊಂಡು ನೋಡಬೇಕಾದಷ್ಟು ಸಣ್ಣ ಅಕ್ಷರಗಳ ಒಂದು ಪಟ್ಟಿ ಇರುತ್ತದೆ. ಗೆರೆಗಳಿಂದ ಬರೆದ ಪುಟ್ಟ ಭೂಗೋಳವೂ ಅದರ ನಡುವೆ ಒಂದು ಅಂಕಿಯೂ ಕಂಡರೆ ಆ ಅಂಕಿಯೇ ಡಿವಿಡಿಯ ವಲಯ. ಕೆಲವು ಡಿಸ್ಕುಗಳ ಮೇಲೆ ಎರಡು ಅಂಕಿಗಳಿರುತ್ತವೆ. ಯುರೋಪಿಗೂ ಆಸ್ಟ್ರೇಲಿಯಾಕ್ಕೂ ಒಂದೇ ಡಿಸ್ಕನ್ನು ಕಳಿಸುವ ಕಂಪನಿಗಳು 2 ಮತ್ತು 4 ಎರಡನ್ನೂ ನಮೂದಿಸುತ್ತವೆ. ಅಂಕಿಯ ಬದಲು ‘ಆಲ್’ ಎಂದಿದ್ದರೆ ಅಥವಾ 0 ಇದ್ದರೆ ಯೋಚನೆ ಇಲ್ಲ. ಬ್ಲೂ-ರೇ ಕವರಿನಲ್ಲಿ ಭೂಗೋಳದ ಬದಲು ಷಟ್ಕೋನವಿದ್ದು, ಅದರೊಳಗೆ ಎ, ಬಿ, ಸಿ ಅಕ್ಷರಗಳಲ್ಲಿ ಯಾವುದಾದರೂ ಒಂದೋ ಎಲ್ಲವೋ ಇರುತ್ತವೆ. ಅದೇ ಪಟ್ಟಿಯಲ್ಲಿ ಪಾಲ್ ಎಂದೋ ಎನ್‌ಟಿಎಸ್‌ಸಿ ಎಂದೋ ಬರೆದಿರುವುದು ಟಿವಿ ಪದ್ಧತಿಯ ಹೆಸರು. ಅಮೆರಿಕದ ಡಿಸ್ಕುಗಳಲ್ಲಿ ಎಷ್ಟೋ ಸಲ ಇದನ್ನು ಬರೆದೇ ಇರುವುದಿಲ್ಲ. ಅಲ್ಲಿ ಬೇರೆ ಪದ್ಧತಿ ಇಲ್ಲವಾದ್ದರಿಂದ ಬರೆಯುವ ಅಗತ್ಯ ಅವರಿಗೆ ಕಂಡಿಲ್ಲ. ಭಾಷೆ ಮತ್ತು ಸಬ್‌ಟೈಟಲ್‌ಗಳ ಸಾಲನ್ನೂ ಆಗಲೇ ಓದಿಕೊಳ್ಳುವುದು ಒಳ್ಳೆಯದು. ಜಪಾನಿನಲ್ಲಿ ಕೊಂಡ ಜಪಾನೀ ಚಿತ್ರದ ಡಿಸ್ಕಿಗೆ ಇಂಗ್ಲಿಷ್ ಸಬ್‌ಟೈಟಲ್ ಇರಲೇಬೇಕೆಂಬ ನಿಯಮವೇನೂ ಇಲ್ಲ. ಚಿತ್ರ ಓಡಿಯೂ ಒಂದು ಮಾತೂ ಅರ್ಥವಾಗದಿದ್ದರೆ ಓಡಿಸಿದ ಶ್ರಮವೆಲ್ಲ ವ್ಯರ್ಥ.

ಪಾಲ್ ಮತ್ತು ಎನ್‌ಟಿಎಸ್‌ಸಿ

ಎರಡನೆಯ ಅಡ್ಡಿ ಯಾರೂ ಬೇಕೆಂದು ಹಾಕಿದ್ದಲ್ಲ, ಟಿವಿಯ ಚರಿತ್ರೆಯಲ್ಲಿ ತಾನಾಗಿ ಉಳಿದುಬಂದದ್ದು. ಅಮೆರಿಕದಲ್ಲಿ ವಿದ್ಯುತ್ತು ಸೆಕೆಂಡಿಗೆ 60 ಆವರ್ತಗಳಲ್ಲಿ ಹರಿಯುತ್ತದೆ, ಯುರೋಪಿನಲ್ಲೂ ನಮ್ಮಲ್ಲೂ 50ರಲ್ಲಿ. ಆರಂಭದ ಟಿವಿ ತಂತ್ರಜ್ಞರು ಆಯಾ ದೇಶದ ವಿದ್ಯುತ್ತಿನ ಲಯಕ್ಕೆ ಚಿತ್ರದ ಲಯವನ್ನು ಹೊಂದಿಸಿಕೊಂಡರು. ಅದರ ಫಲವಾಗಿ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ 525 ಗೆರೆಗಳು ಮತ್ತು ಸೆಕೆಂಡಿಗೆ ಸುಮಾರು 30 ಚಿತ್ರಗಳು, ಪಾಲ್ ಪದ್ಧತಿಯಲ್ಲಿ 625 ಗೆರೆಗಳು ಮತ್ತು ಸೆಕೆಂಡಿಗೆ 25 ಚಿತ್ರಗಳು ಎಂದಾಯಿತು. ದೆಹಲಿಯ ಏಷ್ಯನ್ ಕ್ರೀಡಾಕೂಟದ ವರ್ಷವಾದ 1982ರಲ್ಲಿ ಭಾರತಕ್ಕೆ ಬಣ್ಣದ ಟಿವಿ ಬಂದಾಗ ದೂರದರ್ಶನ ಪಾಲ್ ಪದ್ಧತಿಯನ್ನೇ ಅನುಸರಿಸಿತು. ಡಿವಿಡಿಯಲ್ಲಿರುವುದು ಡಿಜಿಟಲ್ ಚಿತ್ರವೇ ಆದರೂ ಅದನ್ನು ಈ ಎರಡರಲ್ಲಿ ಒಂದು ಅಳತೆಗೆ ಕತ್ತರಿಸಿ ಇಟ್ಟಿರುತ್ತಾರೆ: ಪಾಲ್ ಆದರೆ ಅಗಲ 720, ಎತ್ತರ 576 ಬಿಂದುಗಳು, ಎನ್‌ಟಿಎಸ್‌ಸಿ ಆದರೆ ಎತ್ತರ 480 ಮಾತ್ರ.

ವಲಯ ಒಂದೇ ಇದ್ದ ಮಾತ್ರಕ್ಕೆ ಪದ್ಧತಿಯೂ ಒಂದೇ ಎಂದು ತಿಳಿಯಬಾರದು. ಬ್ರಿಟನ್ನೂ ಜಪಾನೂ 2ನೆಯ ವಲಯದವು, ಆದರೆ ಬ್ರಿಟನ್ನಿನ ಡಿಸ್ಕ್ ಪಾಲ್, ಜಪಾನಿನದು ಎನ್‌ಟಿಎಸ್‌ಸಿ. 4ರಲ್ಲಿರುವ ಆಸ್ಟ್ರೇಲಿಯಾ ಪಾಲ್, ಅದೇ 4ರಲ್ಲಿರುವ ಮೆಕ್ಸಿಕೋ ಎನ್‌ಟಿಎಸ್‌ಸಿ. ಸಿಂಗಪುರ ಮತ್ತು ದಕ್ಷಿಣ ಕೊರಿಯಾದ ನಡುವೆಯೂ ಇದೇ ವ್ಯತ್ಯಾಸವಿದೆ.

ಭಾರತದಲ್ಲಿರುವವರಿಗೆ ಈ ಎರಡನೆಯ ಅಡ್ಡಿ ಈಗ ಅಷ್ಟಾಗಿ ಕಾಡುವುದಿಲ್ಲ. ಇಲ್ಲಿ ಮಾರುವ ಚಪ್ಪಟೆ ಟಿವಿಗಳು ಸಾಮಾನ್ಯವಾಗಿ 50 ಮತ್ತು 60 ಎರಡೂ ಲಯಗಳ ಚಿತ್ರವನ್ನು ಸ್ವೀಕರಿಸುತ್ತವೆ. ಪ್ಲೇಯರುಗಳೂ ಎರಡೂ ಬಗೆಯ ಡಿಸ್ಕನ್ನು ಓದುತ್ತವೆ. ಅಟ್ಟದ ಮೇಲಿಂದ ಇಳಿಸಿದ ಹಳೆಯ ಡಬ್ಬ ಟಿವಿಗೆ ಹಳದಿ, ಬಿಳಿ, ಕೆಂಪು ಪಿನ್ನುಗಳ ವೈರಿನಲ್ಲಿ ಪ್ಲೇಯರನ್ನು ಜೋಡಿಸಿದ್ದರೆ ಮಾತ್ರ ಅಮೆರಿಕದ ಡಿಸ್ಕಿನ ಚಿತ್ರ ಬಣ್ಣ ಕಳೆದುಕೊಳ್ಳಬಹುದು ಅಥವಾ ಉರುಳಬಹುದು. ಆಗ ಪ್ಲೇಯರಿನ ಸೆಟಪ್ ಮೆನುವಿನಲ್ಲಿ ಟಿವಿ ಸಿಸ್ಟಮ್ ಎಂಬಲ್ಲಿಗೆ ಹೋಗಿ ‘ಪಾಲ್’ ಆಯ್ದುಕೊಂಡರೆ ಪ್ಲೇಯರೇ ಚಿತ್ರವನ್ನು ಪರಿವರ್ತಿಸಿ ಕಳಿಸುತ್ತದೆ. ಟಿವಿಯೇ ಎರಡೂ ಪದ್ಧತಿಗಳನ್ನು ಬಲ್ಲದಾದರೆ ‘ಆಟೋ’ ಅಥವಾ ‘ಮಲ್ಟಿ’ ಆಯ್ಕೆಯೇ ಉತ್ತಮ, ಏಕೆಂದರೆ ಪರಿವರ್ತನೆಯಾದ ಚಿತ್ರದ ಚಲನೆಯಲ್ಲಿ ಸ್ವಲ್ಪ ಒರಟುತನ ಬರುತ್ತದೆ.

ಇಲ್ಲಿ ಒಂದು ಸಣ್ಣ ಕುತೂಹಲದ ಸಂಗತಿ ಇದೆ. ಸಿನಿಮಾ ಚಿತ್ರೀಕರಣವಾಗುವುದು ಸೆಕೆಂಡಿಗೆ 24 ಚಿತ್ರಗಳ ಲೆಕ್ಕದಲ್ಲಿ. ಅದನ್ನು ಪಾಲ್ ಡಿಸ್ಕಿಗೆ ಇಳಿಸುವಾಗ ಹೆಚ್ಚಾಗಿ 25ರ ವೇಗದಲ್ಲಿ ಓಡಿಸಿಬಿಡುವುದರಿಂದ ಚಿತ್ರ ಶೇಕಡಾ 4ರಷ್ಟು ಬೇಗ ಮುಗಿಯುತ್ತದೆ. ಚಿತ್ರಮಂದಿರದಲ್ಲಿ 150 ನಿಮಿಷವಿದ್ದದ್ದು ಲಂಡನ್ನಿನ ಡಿಸ್ಕಿನಲ್ಲಿ 144 ನಿಮಿಷವೆಂದು ಕಂಡರೆ ಏನನ್ನೋ ಕತ್ತರಿಸಿದ್ದಾರೆ ಎಂದು ದೂರುವ ಮೊದಲು ಈ ಲೆಕ್ಕವನ್ನು ನೆನೆಯಬೇಕು. ವೇಗ ಹೆಚ್ಚಿದಾಗ ಧ್ವನಿಯ ಸ್ಥಾಯಿಯೂ ಒಂದಿಷ್ಟು ಮೇಲೇರುತ್ತದೆ. ಅದನ್ನು ಸರಿಪಡಿಸದೆ ಬಿಟ್ಟ ಡಿಸ್ಕುಗಳಲ್ಲಿ, ಶ್ರುತಿಜ್ಞಾನ ಇದ್ದವರಿಗೆ ಹಾಡು ಕೇಳುವಾಗ ಇದು ಗೊತ್ತಾಗದೆ ಇರದು.

ಪ್ಲೇಯರಿನಲ್ಲಿ ಏನು ಮಾಡಬಹುದು

ರೀಜನ್ ಕೋಡಿನ ಅಡ್ಡಿಯೇ ಎಂದು ಖಚಿತವಾದರೆ ಮೊದಲು ಪ್ಲೇಯರಿನ ಬೆನ್ನನ್ನೂ ಕೈಪಿಡಿಯನ್ನೂ ನೋಡಬೇಕು. ಬೆನ್ನಿನ ಮೇಲೂ ಅದೇ ಭೂಗೋಳದ ಗುರುತು ಇರುತ್ತದೆ. ಅಗ್ಗದ ಪ್ಲೇಯರುಗಳಲ್ಲಿ ಎಷ್ಟೋ ಮಾದರಿಗಳಿಗೆ, ಕಾರ್ಖಾನೆಯವರು ತಮ್ಮ ಅನುಕೂಲಕ್ಕೆ ಇಟ್ಟುಕೊಂಡ ಗುಪ್ತ ಮೆನುವೊಂದು ಇರುತ್ತದೆ. ಒಂದೇ ಯಂತ್ರವನ್ನು ತಯಾರಿಸಿ, ರವಾನಿಸುವಾಗ ಆಯಾ ದೇಶದ ವಲಯವನ್ನು ತುಂಬುವುದು ಅವರಿಗೆ ಸುಲಭ. ಡಿಸ್ಕ್ ಇಲ್ಲದಿರುವಾಗ ಅಥವಾ ಟ್ರೇ ತೆರೆದಿರುವಾಗ ರಿಮೋಟಿನಲ್ಲಿ ಗೊತ್ತಾದ ಕೆಲವು ಅಂಕಿಗಳನ್ನು ಒತ್ತಿದರೆ ಆ ಮೆನು ತೆರೆಯುತ್ತದೆ, ಅಲ್ಲಿ ವಲಯವನ್ನು 0 ಎಂದೋ, ಕೆಲವು ಮಾದರಿಗಳಲ್ಲಿ ಅದೇ ಅರ್ಥದ 9 ಎಂದೋ ಬದಲಿಸಬಹುದು. ಆ ಅಂಕಿಗಳು ಮಾದರಿಯಿಂದ ಮಾದರಿಗೆ ಬೇರೆಯಾಗುತ್ತವೆ. ಆದ್ದರಿಂದ ಪ್ಲೇಯರಿನ ಹೆಸರು ಮಾತ್ರವಲ್ಲದೆ ಬೆನ್ನಿನ ಮೇಲಿನ ಪೂರ್ತಿ ಮಾದರಿ ಸಂಖ್ಯೆಯನ್ನು ಬರೆದುಕೊಂಡು ಹುಡುಕಬೇಕು. ಹೀಗೆ ಸಿಗುವ ಸೂಚನೆಗಳಲ್ಲಿ ರಿಮೋಟಿನ ಗುಂಡಿ ಒತ್ತುವುದಷ್ಟೇ ಇದ್ದರೆ ಮಾಡಿ ನೋಡಬಹುದು. ಪ್ಲೇಯರಿನ ಫರ್ಮ್‌ವೇರನ್ನೇ, ಅಂದರೆ ಅದನ್ನು ನಡೆಸುವ ಒಳಗಿನ ತಂತ್ರಾಂಶವನ್ನೇ, ಬದಲಿಸಿ ಎನ್ನುವ ಸಲಹೆಯನ್ನು ನಾನಂತೂ ಪಾಲಿಸಲು ಹೇಳಲಾರೆ. ನಡುವೆ ಕರೆಂಟು ಹೋದರೆ ಪ್ಲೇಯರ್ ಪೂರ್ತಿ ನಿರುಪಯೋಗಿಯಾಗುತ್ತದೆ, ಮತ್ತು ನಮ್ಮಲ್ಲಿ ಕರೆಂಟು ಹೋಗುವುದಕ್ಕೆ ಕಾರಣ ಬೇಕಿಲ್ಲ.

ವಲಯವನ್ನು 0 ಮಾಡಿದ ಮೇಲೂ ಕೆಲವು ಅಮೆರಿಕನ್ ಡಿಸ್ಕುಗಳು ಓಡುವುದಿಲ್ಲ. ಎಲ್ಲ ವಲಯಗಳ ಪ್ಲೇಯರುಗಳು ಹೆಚ್ಚಾದುದನ್ನು ಕಂಡ ಕೆಲವು ಸ್ಟುಡಿಯೋಗಳು 2000ರ ಹೊತ್ತಿಗೆ ಡಿಸ್ಕಿನೊಳಗೇ ಒಂದು ಪ್ರಶ್ನೆಯನ್ನು ಸೇರಿಸಿದವು. ಸಾಮಾನ್ಯ ಪದ್ಧತಿಯಲ್ಲಿ ಪ್ಲೇಯರ್ ಡಿಸ್ಕಿನ ಗುರುತನ್ನು ನೋಡುತ್ತದೆ. ಇಲ್ಲಿ ಡಿಸ್ಕೇ ಪ್ಲೇಯರನ್ನು ‘ನೀನು 1ನೆಯ ವಲಯದವನೋ’ ಎಂದು ಕೇಳುತ್ತದೆ, ಎಲ್ಲ ವಲಯದವನು ಎಂಬ ಉತ್ತರ ಬಂದರೆ ಒಪ್ಪುವುದಿಲ್ಲ. ಇಂಥ ಡಿಸ್ಕಿಗೆ ಪ್ಲೇಯರಿನ ವಲಯವನ್ನು 0ಯಿಂದ ತೆಗೆದು ಖಚಿತವಾಗಿ 1ಕ್ಕೆ ಇಡಬೇಕು. ಆದುದರಿಂದ ಹೊಸದಾಗಿ ಕೊಳ್ಳುವವರು ‘ಆಲ್ ರೀಜನ್’ ಎಂಬ ಚೀಟಿಯನ್ನಷ್ಟೇ ನೋಡದೆ, ವಲಯವನ್ನು ಕೈಯಾರೆ ಬದಲಿಸಲು ಬರುತ್ತದೆಯೇ ಎಂದು ಅಂಗಡಿಯವನನ್ನು ಕೇಳುವುದು ಜಾಣತನ.

ಹೊರದೇಶದ ಪ್ಲೇಯರನ್ನೇ ಹೊತ್ತುತರುವ ಯೋಚನೆ ಇದ್ದರೆ ಅದರ ಬೆನ್ನಿನ ಮೇಲಿನ ವಿದ್ಯುತ್ತಿನ ಸಾಲನ್ನು ಓದಬೇಕು. 100–240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ಪಿನ್ ಬದಲಿಸುವ ಅಡಾಪ್ಟರ್ ಸಾಕು. ಬರಿಯ 120 ವೋಲ್ಟ್ ಎಂದಿದ್ದರೆ ನಮ್ಮ 230 ವೋಲ್ಟಿನ ಸಾಕೆಟ್ಟಿಗೆ ನೇರವಾಗಿ ಚುಚ್ಚಿದ ಕ್ಷಣವೇ ಅದು ಸುಟ್ಟುಹೋಗುತ್ತದೆ. ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತದೆ.

ಕಂಪ್ಯೂಟರಿನಲ್ಲಿ: ಐದೇ ಅವಕಾಶ

ಕಂಪ್ಯೂಟರಿನ ಡಿವಿಡಿ ಡ್ರೈವಿನಲ್ಲಿ ಓಡಿಸುವುದು ಸುಲಭವೆಂದು ತೋರಿದರೂ ಎಚ್ಚರ ಹೆಚ್ಚು ಬೇಕಾದದ್ದು ಇಲ್ಲೇ. 2000ದಿಂದ ಈಚೆಗೆ ತಯಾರಾದ ಡ್ರೈವುಗಳಲ್ಲಿ ವಲಯದ ಗುರುತು ಡ್ರೈವಿನ ಒಳಗೇ ಬರೆದಿರುತ್ತದೆ ಮತ್ತು ಅದನ್ನು ಬಳಕೆದಾರರು ಐದು ಸಲ ಮಾತ್ರ ಬದಲಿಸಬಹುದು. ಐದನೆಯ ಸಲ ಆಯ್ದ ವಲಯವೇ ಅದಕ್ಕೆ ಗಟ್ಟಿಯಾಗುತ್ತದೆ. ವಿಂಡೋಸ್ ಅನ್ನು ಮತ್ತೆ ಹಾಕಿದರೂ, ಡ್ರೈವನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿದರೂ ಎಣಿಕೆ ಹಿಂದಕ್ಕೆ ಹೋಗುವುದಿಲ್ಲ. ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರಿನಲ್ಲಿ ಒಬ್ಬರು ಅಮೆರಿಕದ ಡಿಸ್ಕಿಗೆಂದು, ಇನ್ನೊಬ್ಬರು ದುಬೈ ಡಿಸ್ಕಿಗೆಂದು ಸರಿ ಸರಿ ಎಂದು ಒತ್ತುತ್ತಾ ಹೋದರೆ ಒಂದೇ ಸಂಜೆಯಲ್ಲಿ ಐದೂ ಮುಗಿಯಬಹುದು.

ಎಷ್ಟು ಉಳಿದಿವೆ ಎಂದು ತಿಳಿಯಲು ವಿಂಡೋಸಿನ ಡಿವೈಸ್ ಮ್ಯಾನೇಜರ್ ತೆರೆದು, ಡಿವಿಡಿ ಡ್ರೈವಿನ ಹೆಸರಿನ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್ ಆಯ್ದುಕೊಂಡರೆ ‘ಡಿವಿಡಿ ರೀಜನ್’ ಎಂಬ ಹಾಳೆ ಕಾಣುತ್ತದೆ. ಅದರಲ್ಲಿ ದೇಶಗಳ ಉದ್ದನೆಯ ಪಟ್ಟಿಯೂ, ಈಗಿರುವ ವಲಯವೂ, ಇನ್ನೆಷ್ಟು ಬದಲಾವಣೆಗಳು ಉಳಿದಿವೆ ಎಂಬ ಅಂಕಿಯೂ ಇರುತ್ತವೆ. ಆ ಹಾಳೆಯನ್ನು ನೋಡಿ, ಏನನ್ನೂ ಮುಟ್ಟದೆ, ಕ್ಯಾನ್ಸಲ್ ಒತ್ತಿ ಹೊರಬರಬೇಕು.

ವಲಯವನ್ನು ಬದಲಿಸದೆಯೇ ಪ್ರಯತ್ನಿಸಬಹುದಾದ ದಾರಿಯೆಂದರೆ ಉಚಿತವಾಗಿ ಸಿಗುವ ವಿಎಲ್‌ಸಿ ಪ್ಲೇಯರ್. ವಿಂಡೋಸ್ 10 ಮತ್ತು 11ರಲ್ಲಿ ಸಿನಿಮಾ ಡಿವಿಡಿ ಓಡಿಸುವ ತಂತ್ರಾಂಶ ಜೊತೆಯಲ್ಲಿ ಬರುವುದಿಲ್ಲವಾದ್ದರಿಂದ ಇದು ಹೇಗೂ ಬೇಕಾಗುತ್ತದೆ. ವಿಎಲ್‌ಸಿ ಡ್ರೈವಿನ ವಲಯವನ್ನು ಅವಲಂಬಿಸದೆ ನಕಲು ತಡೆಯಲೆಂದು ಡಿಸ್ಕಿಗೆ ಹಾಕಿರುವ ಗೂಢಲಿಪಿಯ ಬೀಗವನ್ನು ತಾನೇ ಬಿಡಿಸಿಕೊಳ್ಳಲು ನೋಡುತ್ತದೆ. ಹಲವು ಡ್ರೈವುಗಳಲ್ಲಿ ಇದು ಫಲಿಸುತ್ತದೆ, ವಲಯ ಹೊಂದದಿದ್ದರೆ ಮಾಹಿತಿಯನ್ನೇ ಕೊಡದ ಹಠಮಾರಿ ಡ್ರೈವುಗಳಲ್ಲಿ ಫಲಿಸುವುದಿಲ್ಲ. ಅಂಥ ಡ್ರೈವ್ ಇದ್ದವರು ಯುಎಸ್‌ಬಿಗೆ ಚುಚ್ಚುವ ಇನ್ನೊಂದು ಡಿವಿಡಿ ಡ್ರೈವನ್ನು ಕೊಂಡು, ಅದಕ್ಕೆ 1ನೆಯ ವಲಯವನ್ನು ಖಾಯಂ ಮಾಡಿ, ಮೇಲೊಂದು ಚೀಟಿ ಅಂಟಿಸಿ ಇಟ್ಟುಕೊಳ್ಳುವುದೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ನೇರವಾದ, ತಕರಾರಿಲ್ಲದ ಪರಿಹಾರ. ಕಾನೂನಿನ ತೊಡಕೂ ಇದಕ್ಕಿಲ್ಲ. ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿಸಿದ 65ಎ ವಿಧಿಯ ಪ್ರಕಾರ, ಕೃತಿಯ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಮುರಿಯುವುದು ಎರಡು ವರ್ಷದವರೆಗಿನ ಸೆರೆವಾಸಕ್ಕೆ ಗುರಿಯಾಗುವ ಅಪರಾಧ. ಆ ವಿಧಿಯಲ್ಲಿ ಉದ್ದೇಶಕ್ಕೇ ಒತ್ತಿದೆ. ದುಡ್ಡು ಕೊಟ್ಟು ಕೊಂಡ ಡಿಸ್ಕನ್ನು ಮನೆಯಲ್ಲಿ ಕೂತು ನೋಡುವುದು ಒಂದು, ಅದರ ಪ್ರತಿ ತೆಗೆದು ಹಂಚುವುದು ಇನ್ನೊಂದು.

ಬ್ಲೂ-ರೇ ಡಿಸ್ಕಿನ ಸಂಗತಿ ಬೇರೆ

ಬ್ಲೂ-ರೇಯಲ್ಲಿ ವಲಯಗಳನ್ನು ಮೂರಕ್ಕೆ ಇಳಿಸಿದರು. ಉತ್ತರ ಮತ್ತು ದಕ್ಷಿಣ ಅಮೆರಿಕ, ಜಪಾನ್, ಕೊರಿಯಾ, ಆಗ್ನೇಯ ಏಷ್ಯಾ ಎ ವಲಯ. ಯುರೋಪ್, ಕೊಲ್ಲಿ ದೇಶಗಳು, ಆಫ್ರಿಕಾ, ಆಸ್ಟ್ರೇಲಿಯಾ ಬಿ ವಲಯ. ಭಾರತ, ಚೀನಾ, ರಷ್ಯಾ ಮತ್ತು ನಮ್ಮ ನೆರೆಯ ದೇಶಗಳು ಸಿ ವಲಯ. ಎಲ್ಲ ವಲಯಗಳಿಗೂ ತೆರೆದಿಟ್ಟ ಬ್ಲೂ-ರೇ ಡಿಸ್ಕುಗಳು ಬಹಳಷ್ಟು ಇರುವುದರಿಂದ ಇಲ್ಲಿ ತೊಂದರೆ ಡಿವಿಡಿಯಷ್ಟು ಪದೇ ಪದೇ ಎದುರಾಗುವುದಿಲ್ಲ, ಆದರೆ ಎದುರಾದಾಗ ಬಿಡಿಸುವುದು ಕಷ್ಟ. ಗುಪ್ತ ಮೆನುವಿನ ಉಪಾಯ ಬ್ಲೂ-ರೇ ಪ್ಲೇಯರುಗಳಲ್ಲಿ ಅಪರೂಪ. ಒಂದೇ ಪ್ಲೇಯರಿನಲ್ಲಿ ಡಿವಿಡಿಯ ವಲಯವೂ ಬ್ಲೂ-ರೇಯ ವಲಯವೂ ಬೇರೆ ಬೇರೆಯಾಗಿ ಇರುತ್ತವೆ, ಒಂದನ್ನು ಬಿಡಿಸಿದರೆ ಇನ್ನೊಂದು ಬಿಡಿಸಿಕೊಳ್ಳುವುದಿಲ್ಲ. ಮಾರುವವರು ‘ರೀಜನ್ ಫ್ರೀ’ ಎಂದಾಗ ಯಾವುದರ ಮಾತು ಎಂದು ಕೇಳಿ ತಿಳಿಯಬೇಕು. ಆಟದ ಕನ್ಸೋಲುಗಳಿಗೂ ಇದು ಅನ್ವಯಿಸುತ್ತದೆ. ಪ್ಲೇಸ್ಟೇಷನ್ 3ರಲ್ಲಿ ಹೊರದೇಶದ ಆಟಗಳು ಓಡಿದರೂ ಹೊರದೇಶದ ಸಿನಿಮಾ ಡಿಸ್ಕುಗಳಿಗೆ ವಲಯದ ತಡೆ ಇದ್ದೇ ಇದೆ.

ಈ ಬೇಲಿಯ ವಿಪರ್ಯಾಸಕ್ಕೆ ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯಕ್ಕಿಂತ ಬೇರೆ ಉದಾಹರಣೆ ಬೇಡ. 1993ರಲ್ಲಿ ಲಂಡನ್ನಿನ ಬೆಂಕಿ ಅನಾಹುತದಲ್ಲಿ ಹಾನಿಗೊಂಡ ಅದರ ಮೂಲ ನೆಗೆಟಿವ್‌ಗಳನ್ನು ವಿದೇಶದ ತಜ್ಞರು ವರ್ಷಗಟ್ಟಲೆ ಶ್ರಮಿಸಿ ಜೀರ್ಣೋದ್ಧಾರ ಮಾಡಿದ ಮೇಲೆ, 2015ರಲ್ಲಿ ಅಮೆರಿಕದ ಕ್ರೈಟೀರಿಯನ್ ಸಂಸ್ಥೆ ಅದನ್ನು ಬ್ಲೂ-ರೇಯಲ್ಲಿ ಹೊರತಂದಿತು. ಆ ಡಿಸ್ಕುಗಳು ಎ ವಲಯಕ್ಕೆ ಸೇರಿದವು. ಬಂಗಾಳದ ಹಳ್ಳಿಯ ಕಥೆಯನ್ನು ಭಾರತದಲ್ಲಿ ಕೊಂಡ ಪ್ಲೇಯರ್ ತೋರಿಸಲೊಲ್ಲದು.

4ಕೆ ಅಲ್ಟ್ರಾ ಎಚ್‌ಡಿ ಬ್ಲೂ-ರೇ ಡಿಸ್ಕುಗಳಲ್ಲಿ ವಲಯದ ಕಟ್ಟುಪಾಡನ್ನು ಕೈಬಿಟ್ಟಿದ್ದಾರೆ. ಅಮೆರಿಕದಲ್ಲಿ ಕೊಂಡ 4ಕೆ ಡಿಸ್ಕ್ ಇಲ್ಲಿನ 4ಕೆ ಡಿಸ್ಕ್ ಪ್ಲೇಯರಿನಲ್ಲಿ ಓಡುತ್ತದೆ. ಟಿವಿ 4ಕೆ ಆಗಿದ್ದ ಮಾತ್ರಕ್ಕೆ ಸಾಲದು, ಪ್ಲೇಯರೂ ಆ ಬಗೆಯದೇ ಆಗಿರಬೇಕು. ಅದೇ ಪೆಟ್ಟಿಗೆಯಲ್ಲಿ ಜೊತೆಗೆ ಬರುವ ಸಾಮಾನ್ಯ ಬ್ಲೂ-ರೇ ಡಿಸ್ಕಿಗೆ ವಲಯ ಇದ್ದರೂ ಇರಬಹುದು. ಸಂಗ್ರಹದ ಹವ್ಯಾಸಕ್ಕೆ ಈಗ ಹೊಸದಾಗಿ ಇಳಿಯುವವರು ಇದನ್ನೇ ಆರಿಸಿಕೊಳ್ಳುವುದು ಮೇಲು.

ಇಲ್ಲಿಂದ ಹೊರಕ್ಕೆ ಕಳಿಸುವ ಡಿಸ್ಕುಗಳು

ಕನ್ನಡ ಸಿನಿಮಾ ಡಿಸ್ಕುಗಳನ್ನು ಅಮೆರಿಕಕ್ಕೋ ಕೆನಡಾಕ್ಕೋ ಒಯ್ಯುವವರಿಗೆ ತೊಂದರೆ ತಿರುಗುಮುರುಗಾಗಿ ಬರುತ್ತದೆ. ಭಾರತದಲ್ಲಿ ತಯಾರಾದ ಎಷ್ಟೋ ಚಿತ್ರಗಳ ಡಿವಿಡಿಗಳನ್ನು ಹೊರನಾಡಿನ ಪ್ರೇಕ್ಷಕರನ್ನೂ ಗಮನದಲ್ಲಿಟ್ಟುಕೊಂಡು ವಲಯದ ತಡೆಯಿಲ್ಲದೆ, ಎನ್‌ಟಿಎಸ್‌ಸಿ ಪದ್ಧತಿಯಲ್ಲೇ ಹೊರತಂದಿದ್ದಾರೆ; ಅವು ಅಲ್ಲಿ ನಿರಾತಂಕವಾಗಿ ಓಡುತ್ತವೆ. ಎರಡು ಮೂರು ಡಿಸ್ಕುಗಳಲ್ಲಿ ಒಂದು ಚಿತ್ರ ಹಂಚಿ ಬರುತ್ತಿದ್ದ ವಿಸಿಡಿಗಳಿಗೆ ರೀಜನ್ ಕೋಡ್ ಎಂಬುದೇ ಇರಲಿಲ್ಲ. ಆದರೆ ಅವುಗಳಲ್ಲಿ ಪಾಲ್ ಇದ್ದರೆ, ಅಥವಾ ಡಿವಿಡಿಯೇ ಪಾಲ್ ಆಗಿದ್ದರೆ, ಅಮೆರಿಕದ ಪ್ಲೇಯರುಗಳಲ್ಲಿ ಹಲವು ಅದನ್ನು ಓದುವುದಿಲ್ಲ, ಅಲ್ಲಿನ ಟಿವಿಗಳಲ್ಲಿ ಹಲವು 50ರ ಲಯವನ್ನು ಒಪ್ಪುವುದಿಲ್ಲ. ಎರಡೂ ಪದ್ಧತಿಗಳನ್ನು ಬಲ್ಲ ನಮ್ಮ ಟಿವಿಗಳಿಗೆ ಒಗ್ಗಿದವರಿಗೆ ಇದು ಅನಿರೀಕ್ಷಿತ. ಅಲ್ಲಿರುವವರು ಕಂಪ್ಯೂಟರಿನಲ್ಲಿ ಓಡಿಸಿದರೆ ಪಾಲ್ ಸಮಸ್ಯೆ ಇಲ್ಲವಾಗುತ್ತದೆ, ಏಕೆಂದರೆ ಕಂಪ್ಯೂಟರಿನ ಪರದೆಗೆ ಈ ಪದ್ಧತಿಗಳ ಹಂಗಿಲ್ಲ.

ಹೆಚ್ಚು ಬೇಸರವಾಗುವುದು ಮದುವೆ, ಉಪನಯನ, ಷಷ್ಟ್ಯಬ್ದಿಗಳ ಡಿಸ್ಕುಗಳಲ್ಲಿ. ಊರಿನ ಸ್ಟುಡಿಯೋದವರು ಪಾಲ್ ಕ್ಯಾಮೆರಾದಲ್ಲಿ ಹಿಡಿದು ಪಾಲ್ ಡಿವಿಡಿಗೆ ಬರೆದುಕೊಟ್ಟದ್ದನ್ನು ಅಂಚೆಯಲ್ಲಿ ಕಳಿಸಿದರೆ, ಬರಲಾಗದ ಅಣ್ಣನೋ ಅತ್ತಿಗೆಯೋ ಅಲ್ಲಿ ಅದನ್ನು ಪ್ಲೇಯರಿಗೆ ಹಾಕಿ ಏನೂ ಕಾಣದೆ ಕೂರುತ್ತಾರೆ. ಇಂಥ ಡಿಸ್ಕಿಗೆ ವಲಯವಿಲ್ಲ, ಬೀಗವಿಲ್ಲ, ಅಡ್ಡಿಯಿರುವುದು ಪದ್ಧತಿಯಲ್ಲಿ ಮಾತ್ರ. ಜೊತೆಗೆ, ಬರೆದ ಮೇಲೆ ಡಿಸ್ಕನ್ನು ಫೈನಲೈಸ್ ಮಾಡದಿದ್ದರೆ ಬರೆದ ಯಂತ್ರವನ್ನು ಬಿಟ್ಟು ಬೇರೆಲ್ಲೂ ಅದು ಓಡುವ ಖಾತರಿಯಿಲ್ಲ. ಸ್ಟುಡಿಯೋದವರೊಡನೆ ಮುಂಗಡ ಮಾತಾಡುವಾಗಲೇ, ಹೊರದೇಶಕ್ಕೆ ಹೋಗಬೇಕಾದ ಪ್ರತಿಯನ್ನು ಎನ್‌ಟಿಎಸ್‌ಸಿಯಲ್ಲಿ ಬೇರೆ ಬರೆದುಕೊಡಬೇಕೆಂದೂ, ಎಡಿಟ್ ಆದ ಪೂರ್ತಿ ವಿಡಿಯೋವನ್ನು ಎಂಪಿ4 ಕಡತವಾಗಿ ಪೆನ್‌ಡ್ರೈವಿನಲ್ಲಿ ಕೊಡಬೇಕೆಂದೂ ಹೇಳಿಟ್ಟುಕೊಳ್ಳಬೇಕು. ಕೆಲಸ ಮುಗಿದು ವರ್ಷ ಕಳೆದ ಮೇಲೆ ಕೇಳಿದರೆ ಸ್ಟುಡಿಯೋದ ಹಾರ್ಡ್‌ಡಿಸ್ಕಿನಲ್ಲಿ ಆ ಕಡತ ಉಳಿದಿರುವುದಿಲ್ಲ. ಇರುವ ಡಿವಿಡಿಯಿಂದಲೇ ಪ್ರತಿ ತೆಗೆಯಬೇಕಾಗುತ್ತದೆ, ಆಗ ಚಿತ್ರದ ಸ್ಪಷ್ಟತೆ ಡಿವಿಡಿಯಲ್ಲಿದ್ದಷ್ಟಕ್ಕಿಂತ ಮೇಲೇರುವುದಿಲ್ಲ.